ಹೆಲ್ಮೆಟ್ ಇಂಟರ್‌ಕಾಮ್: ಮಾತು ಸರಿ, ಗಾಳಿಗೇನು ಮಾಡೋದು?

ಬೈಕ್ ಓಡಿಸುತ್ತಲೇ ಜೊತೆಯವರ ಹತ್ತಿರ ಮಾತಾಡಲು ಹೆಲ್ಮೆಟ್ಟಿಗೆ ಹಾಕಿಕೊಳ್ಳುವ ಈ ಬ್ಲೂಟೂತ್ ಇಂಟರ್‌ಕಾಮ್ ಚೆನ್ನಾಗಿದೆ. ಆದರೆ ಡಬ್ಬಿಯಿಂದ ತೆಗೆದು ಹಾಗೇ ಅಂಟಿಸಿಕೊಂಡು ಹೊರಟರೆ ಅರ್ಧ ದುಡ್ಡು ದಂಡ. ಪೇರ್ ಮಾಡುವುದು ಸುಲಭ. ಅಸಲಿ ಕೆಲಸ ಇರುವುದು ಸ್ಪೀಕರ್ ಕೂರಿಸುವುದರಲ್ಲಿ. ಹೆಲ್ಮೆಟ್ಟಿನಲ್ಲಿ ಕಿವಿಗೆಂದೇ ಇರುವ ಗುಳಿಯ ನಡುವೆ ಅಂಟಿಸಿದರೆ ಮುಗೀತು ಅನಿಸುತ್ತದೆ, ಆದರೆ ನಮ್ಮ ಕಿವಿ ತೂತು ಸರಿಯಾಗಿ ಅಲ್ಲಿಗೇ ಬರಬೇಕಲ್ವಾ? ಒಂದು ಸೆಂಟಿಮೀಟರ್ ಹಿಂದೆ ಮುಂದೆ ಆದರೂ ದನಿ ಪೇಲವ, ಬಾಸ್ ಅಂತೂ ನಾಪತ್ತೆ. ವೆಲ್ಕ್ರೋ ಕೊಟ್ಟಿರುವುದೇ ಅದಕ್ಕೆ, ಸರಿಸಿ ಸರಿಸಿ ನೋಡಿ. ಗುಳಿ ಆಳವಾಗಿದ್ದರೆ ಹಿಂದೆ ಪ್ಯಾಡ್ ಇಟ್ಟು, ಕಿವಿಗೆ ತಾಗಿಯೂ ತಾಗದ ಹಾಗೆ ಮುಂದಕ್ಕೆ ತನ್ನಿ.

ಮೈಕ್ ತುಟಿಯ ಪಕ್ಕದಲ್ಲೇ ಇರಲಿ, ಅದರ ಫೋಮ್ ಟೋಪಿ ತೆಗೆಯಬೇಡಿ. ದನಿ ಕೇಳಿ ತಾನೇ ಆನ್ ಆಗುವ ಮೋಡ್ ಇದೆ ನೋಡಿ, ಅದು ವೇಗ ಏರಿದಂತೆ ಗಾಳಿಯನ್ನೇ ಮಾತು ಅಂದುಕೊಂಡು ಲೈನ್ ತೆರೆದುಬಿಡುತ್ತದೆ. ಸುಮ್ನೆ ಕಿರಿಕಿರಿ. ಸೆನ್ಸಿಟಿವಿಟಿ ಇಳಿಸಿ.

'ನಾಯ್ಸ್ ಕ್ಯಾನ್ಸಲೇಶನ್' (ಗದ್ದಲ ತಗ್ಗಿಸೋದು) ಅಂತ ಡಬ್ಬಿ ಮೇಲೆ ದೊಡ್ಡದಾಗಿ ಬರೆದಿದ್ದಾರೆ. ಅದು ಮೈಕ್‌ಗೆ ಮಾತ್ರ. ಲಾಭ ಆ ಕಡೆ ಕೇಳುವವರಿಗೆ, ನಮ್ಮ ಕಿವಿಗಲ್ಲ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಹೆಲ್ಮೆಟ್ ಒಳಗಿನ ಸದ್ದು 90 ಡೆಸಿಬಲ್ ದಾಟುವುದು ಮಾಮೂಲಿ, ಅದರಲ್ಲಿ ಜಾಸ್ತಿ ಪಾಲು ನುಗ್ಗುವುದು ಕತ್ತಿನ ಸುತ್ತಲಿನ ಸಂದಿಯಿಂದ. ಗದ್ದದ ಕೆಳಗೆ ಬಟ್ಟೆಯ ಪರದೆ ಹಾಕಿ, ಕತ್ತಿಗೆ ಬಫ್ (ಕೊಳವೆಯಂಥ ಬಟ್ಟೆ) ಹಾಕಿಕೊಂಡರೆ ವ್ಯತ್ಯಾಸ ಗೊತ್ತಾಗುತ್ತದೆ. ಎಲ್ಲಕ್ಕಿಂತ ಹೆಚ್ಚು ಉಪಯೋಗ ಆಗಿದ್ದು ಫೋಮ್ ಇಯರ್‌ಪ್ಲಗ್. ವಿಚಿತ್ರ ಅನಿಸಬಹುದು, ಆದರೆ ಗಾಳಿಯ ಗದ್ದಲ ತಗ್ಗಿದ ಮೇಲೆ ಸ್ಪೀಕರಿನ ಮಾತು ಇನ್ನೂ ಬಿಡಿಬಿಡಿಯಾಗಿ ಕೇಳಿಸುತ್ತದೆ.

ಬಟನ್‌ಗಳು ಮಾತ್ರ ತೀರಾ ಚಿಕ್ಕವು. ದಪ್ಪ ಗ್ಲೌಸ್ ಹಾಕಿದರೆ ಯಾವುದನ್ನು ಒತ್ತಿದೆವೋ ದೇವರೇ ಬಲ್ಲ. ಅದಕ್ಕೇ ಐದರಲ್ಲಿ ನಾಲ್ಕು ಸ್ಟಾರ್.