ಹಳೆಯ ಕ್ಯಾಮೆರಾ ಮಾರುವವರಿಗೆ ಒಎಲ್‌ಎಕ್ಸ್: ಗಿರಾಕಿ ಅವರದು, ಕಾವಲು ನಮ್ಮದು

ಹಳೆಯ ಕ್ಯಾಮೆರಾ, ಲೆನ್ಸ್‌ಗಳನ್ನು ಕೊಂಡು, ಒರೆಸಿ ಸರಿಪಡಿಸಿ ಮತ್ತೆ ಮಾರುವ ಹವ್ಯಾಸ ನನ್ನದಾದ್ದರಿಂದ ಒಎಲ್‌ಎಕ್ಸ್ ಎಂಬ ಹಳೆಯ ಸರಕುಗಳ ಮಾರಾಟ ತಾಣದ ಸೇವೆಯನ್ನು ಮಾರುವವರ ಕಡೆಯಿಂದ ಮಾತ್ರ ಇಲ್ಲಿ ನೋಡುತ್ತಿದ್ದೇನೆ. ಗಿರಾಕಿಯನ್ನು ಹುಡುಕಿಕೊಡುವುದರಲ್ಲಿ ಅದಕ್ಕೆ ಪೂರ್ಣ ಅಂಕ ಕೊಡಬಹುದು. ಬೆಂಗಳೂರಿನಂಥ ಊರಿನಲ್ಲಿ ಬೆಲೆ ನ್ಯಾಯವಾಗಿದ್ದು ಫೋಟೊ ಸ್ಪಷ್ಟವಾಗಿದ್ದರೆ ವಿಚಾರಿಸುವವರಿಗೆ ಬರವಿಲ್ಲ. ತೊಡಕು ಇರುವುದು ಹಣ ಕೈಸೇರುವ ಹಂತದಲ್ಲಿ.

ಹಿಂದೆ ಇಬೇ ಇಂಡಿಯಾ ಎಂಬ ಮಾರಾಟ ತಾಣದಲ್ಲಿ ‘ಪೈಸಾಪೇ’ ಎಂಬ ಏರ್ಪಾಡಿತ್ತು: ಕೊಳ್ಳುವವರು ಕಟ್ಟಿದ ಹಣವನ್ನು ತಾಣವೇ ಇಟ್ಟುಕೊಂಡು, ಸರಕು ತಲುಪಿದ ಬಳಿಕ ಮಾರಿದವರಿಗೆ ಬಿಡುಗಡೆ ಮಾಡುತ್ತಿತ್ತು. ಆ ತಾಣ 2018ರಲ್ಲಿ ಮುಚ್ಚಿತು. ಒಎಲ್‌ಎಕ್ಸ್‌ನದು ಮೂಲತಃ ಜಾಹೀರಾತು ಹಲಗೆಯ ಕೆಲಸ. ಎರಡೂ ಕಡೆಯವರನ್ನು ಮಾತಿಗೆ ಕೂರಿಸಿದ ಮೇಲೆ ವ್ಯವಹಾರ ಅವರವರದೇ.

ಈ ತೆರವಿನಲ್ಲೇ ವಂಚಕರು ಬೀಡುಬಿಟ್ಟಿದ್ದಾರೆ. ತಾನು ಸೇನೆಯವನು ಅಥವಾ ಸಿಐಎಸ್‌ಎಫ್ ಎಂಬ ಕೇಂದ್ರ ಭದ್ರತಾ ಪಡೆಯವನು ಎಂದು ಗುರುತಿನ ಚೀಟಿಯ ಫೋಟೊ ಕಳಿಸಿ, ಬೆಲೆಯಲ್ಲಿ ಒಂದು ರೂಪಾಯಿಯನ್ನೂ ಚೌಕಾಸಿ ಮಾಡದೆ, ವಸ್ತುವನ್ನು ನೋಡದೆಯೇ ಒಪ್ಪಿಕೊಂಡು, ‘ಹಣ ಬರಬೇಕಾದರೆ ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಹಾಕಿ’ ಎನ್ನುವವರ ಕಥೆ ಈಗ ಪೊಲೀಸ್ ಠಾಣೆಗಳಿಗೆ ಹಳೆಯದು. ಚೌಕಾಸಿ ಮಾಡದ ಗಿರಾಕಿಯನ್ನು ಕಂಡರೆ ನನಗಂತೂ ಮೊದಲು ಹುಟ್ಟುವುದು ಸಂಶಯವೇ. ಯುಪಿಐ ಪಿನ್ ಬೇಕಾಗುವುದು ನಮ್ಮ ಖಾತೆಯಿಂದ ಹಣ ಹೊರಹೋಗುವಾಗ. ಒಳಬರುವ ಹಣಕ್ಕೆ ಪಿನ್ ಹಾಕುವ ಪ್ರಸಂಗವೇ ಇಲ್ಲ. ವ್ಯಕ್ತಿಗಳ ನಡುವಿನ ‘ಕಲೆಕ್ಟ್’ ವಿನಂತಿಯನ್ನು, ಅಂದರೆ ಆ್ಯಪ್‌ನಲ್ಲೇ ಇನ್ನೊಬ್ಬರಿಂದ ಹಣ ಕೇಳುವ ಸೌಲಭ್ಯವನ್ನು, ಯುಪಿಐ ನಡೆಸುವ ಸಂಸ್ಥೆಯಾದ ಎನ್‌ಪಿಸಿಐ 2025ರ ಅಕ್ಟೋಬರ್‌ನಿಂದ ನಿಲ್ಲಿಸಿದ್ದರಿಂದ ಒಂದು ದಾರಿ ಮುಚ್ಚಿದೆಯಾದರೂ, ಕ್ಯೂಆರ್‌ನ ಮೋಸಕ್ಕೂ ಹಣ ಕಳಿಸಿದಂತೆ ತೋರಿಸುವ ನಕಲಿ ಸ್ಕ್ರೀನ್‌ಶಾಟ್‌ಗೂ ಅದರಿಂದ ತಡೆಯಿಲ್ಲ. ಆದಕಾರಣ ಎದುರಿನವರ ಫೋನನ್ನಾಗಲಿ, ಬಂದ ಎಸ್‌ಎಂಎಸ್ಸನ್ನಾಗಲಿ ನೆಚ್ಚದೆ, ನಮ್ಮದೇ ಬ್ಯಾಂಕ್ ಆ್ಯಪ್‌ನಲ್ಲಿ ಹಣ ಬಂದದ್ದನ್ನು ನೋಡಿದ ನಂತರವೇ ವಸ್ತುವನ್ನು ಕೈಗಿಡಬೇಕು.

ಜಾಹೀರಾತಿನಲ್ಲಿ ಫೋನ್ ಸಂಖ್ಯೆ ಕಾಣದಂತೆ ಮಾಡುವ ಆಯ್ಕೆ ಆ್ಯಪ್‌ನಲ್ಲಿದೆ. ಅದು ನಿಜಕ್ಕೂ ಉಪಯುಕ್ತ. ಮಾತುಕತೆ ಆ್ಯಪ್‌ನ ಒಳಗೇ ಉಳಿದರೆ ಮುಂದೆ ತಕರಾರಾದಾಗ ತೋರಿಸಲು ದಾಖಲೆ ಇರುತ್ತದೆ, ಬಂದೊಡನೆ ವಾಟ್ಸ್‌ಆ್ಯಪ್‌ಗೆ ಕರೆಯುವವರ ಉದ್ದೇಶವೂ ಬೇಗ ತಿಳಿಯುತ್ತದೆ.

ಹಣ ಬಂದರೂ ಇನ್ನೊಂದು ಅಪಾಯ ಉಳಿಯುತ್ತದೆ, ಇದನ್ನು ಹೆಚ್ಚಿನವರು ಲೆಕ್ಕಕ್ಕೆ ಹಿಡಿಯುವುದಿಲ್ಲ. ಬೇರೆಯವರಿಂದ ಕದ್ದ ಹಣದಲ್ಲಿ ಯಾರಾದರೂ ನಮ್ಮ ವಸ್ತು ಕೊಂಡರೆ, ಸೈಬರ್ ಪೊಲೀಸರ ಸೂಚನೆಯಂತೆ ಬ್ಯಾಂಕು ನಮ್ಮ ಖಾತೆಯನ್ನೇ ತಡೆಹಿಡಿಯಬಹುದು. ಆದ್ದರಿಂದ ಕೊಂಡವರ ಹೆಸರು, ವಸ್ತುವಿನ ಸೀರಿಯಲ್ ಸಂಖ್ಯೆ, ದಿನಾಂಕ ಮತ್ತು ಬೆಲೆ ಬರೆದು ಇಬ್ಬರೂ ಸಹಿ ಮಾಡಿದ ರಸೀದಿಯನ್ನು ನಾನು ಕಡ್ಡಾಯ ಮಾಡಿಕೊಂಡಿದ್ದೇನೆ. ಹೆಸರು ಕೊಡಲು ಹಿಂಜರಿಯುವವರಿಗೆ ಮಾರುವುದಿಲ್ಲ. ಒಂದು ವೇಳೆ ಮೋಸ ನಡೆದೇಹೋದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಎಷ್ಟು ಬೇಗ ಕರೆ ಮಾಡುತ್ತೇವೋ ಹಣ ತಡೆಯುವ ಸಾಧ್ಯತೆ ಅಷ್ಟು ಹೆಚ್ಚು.

ಒಟ್ಟಿನಲ್ಲಿ ಒಂದೇ ಊರಿನವರು ಹಗಲು ಹೊತ್ತಿನಲ್ಲಿ ಮೆಟ್ರೊ ನಿಲ್ದಾಣದಂಥ ಜನರಿರುವ ಕಡೆ ಭೇಟಿಯಾಗಿ ಮುಗಿಸುವ ಮಾರಾಟಕ್ಕೆ ಒಎಲ್‌ಎಕ್ಸ್ ಅನ್ನು ಧಾರಾಳವಾಗಿ ಬಳಸಬಹುದು. ಪರಊರಿಗೆ ಕೊರಿಯರ್ ಮಾಡಬೇಕಾದ ದುಬಾರಿ ಲೆನ್ಸನ್ನು ಮಾತ್ರ ನಾನು ಅಲ್ಲಿ ಹಾಕುವುದಿಲ್ಲ. ಬೆಲೆ ತುಸು ಕಡಿಮೆ ಸಿಕ್ಕರೂ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಅಂಗಡಿಗೇ ಕೊಡುತ್ತೇನೆ.