ಹಳ್ಳದ ಕಾಡು ಉಳಿಸುತ್ತೇವೆಂದು ತರುವ ಕರಾರು ಪತ್ರ: ಸಹಿಗೆ ಮೊದಲು ಷೆಡ್ಯೂಲ್ ಓದಿ

ಮಲೆನಾಡಿನಲ್ಲಿ ಕಾಫಿ ತೋಟದ ಜೊತೆಗೆ ಹಳ್ಳದ ದಂಡೆಯ ಕಾಡನ್ನೂ ಹಾಗೇ ಉಳಿಸಿಕೊಂಡಿರುವವರು ದಯವಿಟ್ಟು ಪೂರ್ತಿ ಓದಿ. ‘ಖಾಸಗಿ ಜಮೀನಿನ ಪ್ರಕೃತಿ ಸಂರಕ್ಷಣಾ ಒಪ್ಪಂದ’ ಅಂತ ಒಂದು ಸಂಸ್ಥೆಯವರು ಮನೆ ಬಾಗಿಲಿಗೆ ಬರುತ್ತಿದ್ದಾರೆ. ಅವರ ಕಾಗದ ನಮ್ಮ ಕುಟುಂಬದ ಜಮೀನಿನ ಮೇಲೂ ಕೂತಿದೆ. ಹೇಳಿಕೊಳ್ಳಲು ನಾಚಿಕೆ ಆಗುತ್ತದೆ. ಆದರೂ ಹೇಳಬೇಕು, ಯಾಕೆಂದರೆ ಅದೇ ಕಾಗದ ಈಗ ಪಕ್ಕದ ಹೋಬಳಿಯಲ್ಲಿ ಓಡಾಡುತ್ತಿದೆ.

ಮಾತಾಗಿದ್ದು ಹಳ್ಳದ ಪಕ್ಕದ 4 ಎಕರೆ ಕಾಡಿಗೆ ಮಾತ್ರ. ಷೆಡ್ಯೂಲಿನಲ್ಲಿ, ಅಂದರೆ ಕರಾರಿಗೆ ಒಳಪಡುವ ಜಮೀನಿನ ವಿವರದಲ್ಲಿ, ಬರೆದಿದ್ದು ಇಡೀ ಸರ್ವೆ ನಂಬರ್! ತೋಟ, ಕಣ, ಕೂಲಿಯವರ ಲೈನ್ ಮನೆ ಎಲ್ಲ ಸೇರಿ. ಚಕ್ಕುಬಂದಿ (ನಾಲ್ಕೂ ಕಡೆಯ ಗಡಿ ವಿವರ) ಇದ್ದದ್ದು ಪೂರ್ತಿ ನಂಬರಿಗೆ, ನಕ್ಷೆ ಲಗತ್ತಿಸಿರಲೇ ಇಲ್ಲ. ಸಹಿಯ ದಿನವೇ ಕೇಳಿದ್ದಕ್ಕೆ ಬಂದ ಉತ್ತರ: “ಪಹಣಿ ಒಂದೇ ಇದೆಯಲ್ಲ ಗೌಡ್ರೇ, ಸಿಸ್ಟಮ್ ಪೂರ್ತಿ ನಂಬರ್ ತಗೊಳ್ಳುತ್ತೆ. ಅದು ಫಾರ್ಮಾಲಿಟಿ ಅಷ್ಟೇ.” ಫಾರ್ಮಾಲಿಟಿ ಅಲ್ಲ. ಉಳಿದದ್ದೆಲ್ಲ ಆ ಒಂದು ಸಾಲಿನಿಂದಲೇ ಶುರು.

ಕರಾರಿನ ಇನ್ನೊಂದು ಷರತ್ತು: ಷೆಡ್ಯೂಲ್ ಜಮೀನಿನಲ್ಲಿ ಜೀವಂತ ಮರದ ಯಾವ ಭಾಗವನ್ನೂ ಕಡಿಯುವಂತಿಲ್ಲ. ಹಳ್ಳದ ಕಾಡಿಗೆ ಅದು ಸರಿಯಾದ ಮಾತು, ನಮಗೂ ಬೇಕಾಗಿದ್ದು ಅದೇ. ತೋಟಕ್ಕೆ? ಹೂಮಳೆ ಮುಗಿದು ಮುಂಗಾರು ಹಿಡಿಯುವ ಮೊದಲು ಮರಗಸಿ (ನೆರಳು ಮರಗಳ ಕೊಂಬೆ ಸವರುವುದು) ಮಾಡದಿದ್ದರೆ ಏನಾಗುತ್ತದೆ ಅಂತ ನಿಮಗೆ ಹೇಳಬೇಕಿಲ್ಲ. ನೆರಳು ಮುಚ್ಚಿಕೊಂಡು, ಗಾಳಿಯಾಡದೆ ಅರೇಬಿಕಾ ಕಾಫಿಗೆ ಕೊಳೆರೋಗ ಹತ್ತುತ್ತದೆ, ಎಲೆ ಕಪ್ಪಾಗಿ ಬೂಸಿನ ಎಳೆಯಲ್ಲಿ ಜೋತಾಡುತ್ತದೆ, ಕಾಯಿ ಉದುರುತ್ತದೆ. ಪ್ರತಿ ವರ್ಷದಂತೆ ಮರಗಸಿ ಆಯಿತು. ಆಮೇಲೆ ಇಂಗ್ಲಿಷಿನಲ್ಲಿ ಒಂದು ಇಮೇಲ್: ಉಪಗ್ರಹ ಚಿತ್ರದಲ್ಲಿ ಹಸಿರು ಹೊದಿಕೆ ಕಡಿಮೆಯಾಗಿದೆ, ಇದು ಕರಾರಿನ ಉಲ್ಲಂಘನೆ, ಪರಿಹಾರ ಕಟ್ಟಬೇಕು. ಸ್ವಂತ ತೋಟದ ನೆರಳು ತೆಗೆದದ್ದಕ್ಕೆ ದಂಡ! ಸಹಿಗೆ ಮೊದಲು ಅಡುಗೆಮನೆಯವರೆಗೂ ಬಂದು ಕಾಫಿ ಕುಡಿದು ಗೌಡ್ರೇ ಗೌಡ್ರೇ ಎಂದವರು ಈಗ ಫೋನಿನಲ್ಲಿ, “ನೀವು ಓದಿಯೇ ಸೈನ್ ಮಾಡಿದ್ದು ಅಲ್ವಾ? ಲೀಗಲ್ ಟೀಮ್ ಜೊತೆ ಮಾತಾಡಿ.” ತೋಟದ ನೆರಳಿಗೆ ಬೆಳೆಸುವ ಸಿಲ್ವರ್ ಓಕ್ ಮರ ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯೇ ವಿನಾಯಿತಿ ಕೊಟ್ಟಿದೆ ಅಂದರೆ, “ಕಾಯ್ದೆ ಬೇರೆ, ಕಾಂಟ್ರ್ಯಾಕ್ಟ್ ಬೇರೆ.”

ಸರಿ, ಕಾಡಾದರೂ ಉಳಿಯುತ್ತದಾ? ಇಲ್ಲ. ಹೆಚ್ಚು ಸಿಟ್ಟು ಬರುವುದು ಇದಕ್ಕೇ. ಅದು ಅಮೆರಿಕದ ಕನ್ಸರ್ವೇಶನ್ ಈಸ್ಮೆಂಟ್ ಕರಾರಿನ ನಕಲು. ಅಲ್ಲಿ ಅದಕ್ಕೆ ರಾಜ್ಯಗಳ ಪ್ರತ್ಯೇಕ ಕಾನೂನು ಇದೆ. ದಾಖಲಾದ ಕರಾರು ಜಮೀನಿನ ಜೊತೆಗೇ ಹೋಗುತ್ತದೆ, ಯಾರು ಕೊಂಡರೂ ಕಟ್ಟಿಹಾಕುತ್ತದೆ. ನಮ್ಮ 1882ರ ಈಸ್ಮೆಂಟ್ ಕಾಯ್ದೆಯಲ್ಲಿ ಈಸ್ಮೆಂಟ್ ಎಂದರೆ ಒಂದು ಜಮೀನಿನ ಅನುಕೂಲಕ್ಕೆ ಇನ್ನೊಂದು ಜಮೀನಿನ ಮೇಲಿರುವ ಹಕ್ಕು. ಕಾಲುದಾರಿ, ನೀರಿನ ಕಾಲುವೆ ಇಂಥವು. ಅಕ್ಕಪಕ್ಕ ಒಂದು ಗುಂಟೆ ಜಾಗವೂ ಇಲ್ಲದ ಸಂಸ್ಥೆಗೆ ಆ ಹಕ್ಕು ಹುಟ್ಟುವುದೇ ಇಲ್ಲ. ಅದರ ಮೇಲೆ ಕಾಗದ ನೋಂದಣಿಯೂ ಆಗಿಲ್ಲ, ಛಾಪಾ ಕಾಗದದ ಮೇಲೆ ನೋಟರಿ ಅಷ್ಟೇ. ಸ್ಥಿರಾಸ್ತಿಯಲ್ಲಿ ಹಕ್ಕು ಕೊಡುವ ಪತ್ರವನ್ನು 1908ರ ನೋಂದಣಿ ಕಾಯ್ದೆಯ 17ನೇ ಕಲಮಿನಂತೆ ನೋಂದಾಯಿಸಬೇಕು, ಇಲ್ಲದಿದ್ದರೆ 49ನೇ ಕಲಮಿನಂತೆ ಆಸ್ತಿಗೆ ಅದು ತಟ್ಟುವುದಿಲ್ಲ. ಇಸಿ (ಋಣಭಾರ ಪತ್ರ) ತೆಗೆಸಿದರೆ ಈ ಕರಾರು ಕಾಣುವುದಿಲ್ಲ. ನಾಳೆ ಏನೂ ಗೊತ್ತಿಲ್ಲದೆ ಕೊಂಡವನು ಆ ಹಳ್ಳದ ಕಾಡನ್ನು ಬೋಳಿಸಿದರೆ ಈ ಕಾಗದ ತೋರಿಸಿ ತಡೆಯಲು ಆಗದು. ಕಾಡಿಗೆ ರಕ್ಷಣೆ ಇಲ್ಲ, ಸಹಿ ಹಾಕಿದವನಿಗೆ ಮಾತ್ರ ನೋಟಿಸ್. ಇದನ್ನು ಕೇಳಿದಾಗ, “ಮಾರುವ ಮೊದಲು ನಮ್ಮ ಎನ್‌ಒಸಿ ತಗೊಳ್ಳಿ” ಎಂದರು. ಕಾಡಿನ ಬಗ್ಗೆ ಒಂದು ಮಾತಿಲ್ಲ.

ದುಡ್ಡಿನ ಮಾತು. “ಹಳೇ ಮರಗಳಿಗೇ ಕಾರ್ಬನ್ ಕ್ರೆಡಿಟ್” ಎಂದಿದ್ದರು. ಒಂದು ಕ್ರೆಡಿಟ್ ಎಂದರೆ ಗಾಳಿಗೆ ಸೇರದಂತೆ ತಡೆದ ಇಲ್ಲವೇ ಗಾಳಿಯಿಂದ ತೆಗೆದ ಒಂದು ಟನ್ ಇಂಗಾಲದ ಡೈಆಕ್ಸೈಡ್, ಅದನ್ನು ಕಂಪನಿಗಳಿಗೆ ಮಾರುತ್ತಾರೆ. ಗಿಡ ನೆಡುವ ಯೋಜನೆಯಲ್ಲಿ ಲೆಕ್ಕ ಹಿಡಿಯುವುದು ಯೋಜನೆಯಿಂದ ಹೊಸದಾಗಿ ಸೇರಿದ ಇಂಗಾಲವನ್ನು. ಅಜ್ಜನ ಕಾಲದಿಂದ ನಿಂತ ಮರ ಅದರಲ್ಲಿ ಬರುವುದಿಲ್ಲ. ಪಾಲು ಕೂಡ ‘ನಿವ್ವಳ’ ಆದಾಯದಲ್ಲಿ. ಅಂದರೆ ಅವರ ಸರ್ವೆ, ಆಡಿಟ್, ಕಚೇರಿ ಖರ್ಚೆಲ್ಲ ಕಳೆದ ಮೇಲೆ. ಎಷ್ಟು ಕಳೆಯಬಹುದು ಎಂಬುದಕ್ಕೆ ಮಿತಿಯನ್ನೇ ಬರೆದಿಲ್ಲ.

ಜೊತೆಗೆ ಒಂದು ಜಿಪಿಎ (ನಮ್ಮ ಪರವಾಗಿ ವ್ಯವಹರಿಸಲು ಅವರಿಗೆ ಕೊಡುವ ಅಧಿಕಾರ ಪತ್ರ), ‘ರದ್ದು ಮಾಡಲಾಗದ್ದು’ ಅಂತ. ಕಾರ್ಬನ್ ಹಕ್ಕನ್ನು ಮೊದಲು ಅವರ ಹೆಸರಿಗೆ ಬರೆಸಿಕೊಂಡು ಆಮೇಲೆ ಜಿಪಿಎ ತೆಗೆದುಕೊಳ್ಳುವುದಕ್ಕೆ ಕಾರಣವಿದೆ. ಏಜೆಂಟನಿಗೇ ಆ ವಿಷಯದಲ್ಲಿ ಹಿತಾಸಕ್ತಿ ಇದ್ದರೆ 1872ರ ಕರಾರು ಕಾಯ್ದೆಯ 202ನೇ ಕಲಂ ಅವನ ಪರ ನಿಲ್ಲುತ್ತದೆ, ಆ ಅಧಿಕಾರವನ್ನು ಸುಲಭವಾಗಿ ವಾಪಸ್ ಪಡೆಯಲು ಆಗದು. ವಿವಾದಕ್ಕೆ ದೆಹಲಿಯಲ್ಲಿ ಪಂಚಾಯ್ತಿದಾರ (ಆರ್ಬಿಟ್ರೇಟರ್), ಅವರೇ ನೇಮಿಸುವವನು. 2019ರ ಪರ್ಕಿನ್ಸ್ ಈಸ್ಟ್‌ಮನ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇಂಥ ಒನ್‌ಸೈಡ್ ನೇಮಕ ಸಲ್ಲದು ಎಂದಿದೆ. ನಿಮ್ಮ ಕಾಗದದಲ್ಲೂ ಇದ್ದರೆ ವಕೀಲರಿಗೆ ಮೊದಲು ಇದನ್ನೇ ತೋರಿಸಿ. ದಂಡದ ಮೊತ್ತಕ್ಕೂ ಹೆದರಬೇಡಿ. ಅದೇ ಕರಾರು ಕಾಯ್ದೆಯ 74ನೇ ಕಲಮಿನ ಪ್ರಕಾರ ಸಿಗುವುದು ಸಮಂಜಸ ಪರಿಹಾರ ಮಾತ್ರ, ಬರೆದ ಮೊತ್ತ ಅದರ ಗರಿಷ್ಠ ಮಿತಿ.

ನಿಜವಾಗಿ ಕಾಡು ಉಳಿಸಬೇಕೆಂದಿದ್ದರೆ ವನ್ಯಜೀವಿ ಕಾಯ್ದೆಯ 36ಸಿ ಕಲಂ ಇದೆ. ಒಬ್ಬ ವ್ಯಕ್ತಿ ಸ್ವಇಚ್ಛೆಯಿಂದ ಮುಂದೆ ಬಂದರೂ ಖಾಸಗಿ ಜಮೀನನ್ನು ಸಮುದಾಯ ಮೀಸಲು ಎಂದು ಸರ್ಕಾರ ಘೋಷಿಸಬಹುದು. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರು 2007ರಲ್ಲಿ ಸಮುದಾಯ ಮೀಸಲು ಆಗಿದ್ದು. ಆದರೆ ಘೋಷಣೆಯಾದ ಮೇಲೆ ಸಮಿತಿಯ ಠರಾವು, ಸರ್ಕಾರದ ಒಪ್ಪಿಗೆ ಎರಡೂ ಇಲ್ಲದೆ ಭೂಬಳಕೆ ಬದಲಿಸಲು ಆಗದು. ಅದನ್ನೂ ಮನೆಯವರೆಲ್ಲ ಕೂತು ತಿಳಿದುಕೊಂಡೇ ಹೋಗಿ.

ಖಾಸಗಿ ಕರಾರೇ ಆಗಬೇಕೆಂದರೆ ಮೊದಲು ಸರ್ವೆಯರ್ ಕರೆಸಿ ಕಾಡಿನ ಭಾಗಕ್ಕೆ ಮಾತ್ರ ನಕ್ಷೆ ಮಾಡಿಸಿ, ಆ ನಕ್ಷೆಯನ್ನೇ ಷೆಡ್ಯೂಲ್ ಮಾಡಿಸಿ. ಮರಗಸಿ, ಒಣಮರ, ಬಿದ್ದ ಮರ, ಮೆಣಸಿನ ಬಳ್ಳಿಯ ಮರ, ಒಂದೊಂದನ್ನೂ ಹೆಸರು ಹಿಡಿದು ಹೊರಗಿಡಿ. ಕನ್ನಡ ಪ್ರತಿ ಕೊಡದವರ ಜೊತೆ ಮಾತೇ ಬೇಡ. ಜಿಪಿಎಗಂತೂ ಸಹಿ ಬೇಡವೇ ಬೇಡ. ಈಗಾಗಲೇ ಸಹಿ ಆಗಿದ್ದರೆ ಫೋನಿನಲ್ಲಿ ವಾದ ಮಾಡುತ್ತಾ ಕೂರಬೇಡಿ. ಮರಗಸಿಗೆ ಮೊದಲಿನ ಫೋಟೋ, ಆಳು ಲೆಕ್ಕದ ಪುಸ್ತಕ, ಹಿಂದಿನ ವರ್ಷಗಳ ಮರಗಸಿ ಕೂಲಿ ಚೀಟಿ ಜೋಡಿಸಿಕೊಂಡು ವಕೀಲರ ಮೂಲಕ ಸ್ಪೀಡ್ ಪೋಸ್ಟಿನಲ್ಲೇ ಉತ್ತರ ಕಳಿಸಿ.