ಮೀನು ಹೊರುವ ಪಿಕಪ್, ಐದು ವರ್ಷದ ಬಳಕೆ: ಎಂಜಿನ್ ಗಟ್ಟಿ, ಚಾಸಿಯ ಹೊಟ್ಟೆ ಟೊಳ್ಳು

ಮೈಲೇಜು, ಲೋಡು, ಘಾಟಿ ಹತ್ತುವ ತಾಕತ್ತು ಎಲ್ಲರಿಗೂ ಗೊತ್ತಿರುವುದೇ. ಮಲ್ಪೆ ಧಕ್ಕೆಯಿಂದ ಐಸು ಹಾಕಿದ ಬಂಗುಡೆ, ಬೂತಾಯಿ ಹೊರುವ ಕೆಲಸದಲ್ಲಿ ಎಂಜಿನ್, ಗೇರ್‌ಬಾಕ್ಸ್ ಮೇಲೆ ಒಂದು ದೂರೂ ಇಲ್ಲ. ತೊಂದರೆ ಚಾಸಿಯದು: ಗಾಡಿಯ ಭಾರ ಹೊರುವ ಈ ಟೊಳ್ಳು ಚೌಕಟ್ಟಿಗೆ ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ.

ಲೋಡು ಇಳಿದ ಮೇಲಿನ ತೊಳೆಯುವ ಕೆಲಸ ಅರ್ಧ ಗಂಟೆಯದು. ಕ್ರೇಟಿನಿಂದ ಸೋರಿದ ಉಪ್ಪುನೀರು ಡೆಕ್ಕಿನ ಸಂದಿಗಳಿಂದ ಚಾಸಿಯೊಳಗೆ ಇಳಿದಿರುತ್ತದೆ. ಹಾಗಾಗಿ ಮೇಲೆ ನೀರು ಹೊಡೆದರೆ ಸಾಲದು. ತೆಳು ಪೈಪನ್ನು ಚಾಸಿಯ ಮುಂದಿನ ತೂತಿಗೆ ತೂರಿಸಿ, ಹಿಂದಿನ ತೂತಿನಿಂದ ತಿಳಿನೀರು ಬರುವ ತನಕ ಬಿಡಬೇಕು. ಆಮೇಲೆ ಮೂತಿ ಮೇಲಾಗುವಂತೆ ಇಳಿಜಾರಿನಲ್ಲಿ ನಿಲ್ಲಿಸಿದರೆ ಉಳಿದದ್ದೂ ಬಸಿದುಹೋಗುತ್ತದೆ. ಬಾವಿ ನೀರು ಸವಳಾಗಿದ್ದರೆ ಈ ಶ್ರಮವೆಲ್ಲ ವ್ಯರ್ಥ.

ಸಿಟ್ಟು ಬರುವುದು ಡೆಲಿವರಿ ವೇಳೆ ತಲೆಗೆ ಕಟ್ಟುವ ಕಪ್ಪು ರಬ್ಬರ್ ಅಂಡರ್‌ಕೋಟಿಂಗ್, ಅಂದರೆ ಗಾಡಿಯ ಅಡಿಗೆ ಬಳಿಯುವ ಪದರ ನೋಡಿ. ಅದು ಹೊರಮೈಗೆ ಮಾತ್ರ. ಒಣಗಿ ಬಿರುಕು ಬಿಟ್ಟ ಕಡೆ ಉಪ್ಪುನೀರು ನುಗ್ಗಿ ಪದರದ ಅಡಿಯಲ್ಲೇ ಕೂರುತ್ತದೆ. ಕಣ್ಣಿಗೆ ಮಾತ್ರ ಎಲ್ಲ ಕಪ್ಪಗೆ, ಚೊಕ್ಕ. ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಎಂಬ ಫಿಟ್‌ನೆಸ್ ಸರ್ಟಿಫಿಕೇಟ್) ಆಯಿತು ಎಂದರೆ ಚಾಸಿಯ ಒಳಗೆ ಯಾರೋ ನೋಡಿದ್ದಾರೆ ಎಂದು ಅರ್ಥವಲ್ಲ.

ನೋಡುವ ರೀತಿ ಬೇರೆ. ಮೊದಲು ಸ್ಟೆಪ್ನಿ ಇಳಿಸಿ, ಅದರ ಮೇಲಿನ ಕ್ರಾಸ್‌ಮೆಂಬರ್ (ಚಾಸಿಯ ಎರಡು ಬದಿಯನ್ನು ಜೋಡಿಸುವ ಅಡ್ಡಪಟ್ಟಿ) ಪರೀಕ್ಷಿಸಿ. ಕೆಸರು ಅಲ್ಲಿ ಕಟ್ಟಿಕೊಂಡೇ ಇರುತ್ತದೆ. ಅಮೆರಿಕದಲ್ಲಿ ರಸ್ತೆಯ ಹಿಮಕ್ಕೆ ಎರಚುವ ಉಪ್ಪಿನಿಂದ ಇದೇ ಭಾಗ ಕೊರೆದುಹೋಗಿ ಸ್ಟೆಪ್ನಿ ರಸ್ತೆಗೆ ಬೀಳುವ ಅಪಾಯವಿದ್ದುದಕ್ಕೆ ಟೊಯೋಟಾ 2009ರಲ್ಲಿ ಹಳೆಯ ಟಂಡ್ರಾ ಪಿಕಪ್‌ಗಳನ್ನು ವಾಪಸು ಕರೆಸಿತ್ತು. ಬಳಿಕ ಹಿಂದಿನ ಲೀಫ್ ಸ್ಪ್ರಿಂಗ್ ಹ್ಯಾಂಗರ್ (ಪಟ್ಟಿ ಸ್ಪ್ರಿಂಗನ್ನು ಚಾಸಿಗೆ ಹಿಡಿದಿಡುವ ಕೊಂಡಿ), ಎರಡು ತಗಡು ಒಂದರ ಮೇಲೊಂದು ಕೂತ ಜಾಗ, ಬ್ರೇಕ್ ಪೈಪಿನ ಕ್ಲಿಪ್ಪುಗಳ ಹಿಂಬದಿ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ತಿನ್ನುವುದರಿಂದ ಜೋಡಿ ತಗಡುಗಳು ಉಬ್ಬಿ ಬಾಯಿ ಬಿಡುತ್ತವೆ. ಸಣ್ಣ ಸುತ್ತಿಗೆಯಲ್ಲಿ ತಟ್ಟಿ: ಠಣ್ ಎಂದರೆ ಸರಿ, ದಪ್ ಎಂದರೆ ಸ್ಕ್ರೂಡ್ರೈವರ್ ಒತ್ತಿ ನೋಡಿ. ಬಸಿಯುವ ತೂತಿನಿಂದ ಹಪ್ಪಳದಂಥ ಚಕ್ಕೆ ಉದುರಿದರೆ ಒಳಗೋಡೆ ಸವೆಯುತ್ತಿದೆ. ಹ್ಯಾಂಗರ್ ಕಿತ್ತುಬಂದರೆ ಲೋಡಿನಲ್ಲಿ ಆಕ್ಸಲ್ಲೇ ಸರಿದು ಗಾಡಿ ಒಂದು ಕಡೆಗೆ ಎಳೆಯುತ್ತದೆ. ಘಾಟಿಯಲ್ಲಿ ಅದು ಜೀವಕ್ಕೇ ಬಂತು.

ತೂತಿನ ಮೇಲೆ ತೇಪೆ ಬೆಸೆದು ಬಣ್ಣ ಬಳಿಯುವುದನ್ನು ಒಪ್ಪಲೇಬೇಡಿ. ಬೆಸುಗೆಯ ಕಾವಿಗೆ ಒಳಗಿನ ಬಣ್ಣ ಸುಡುತ್ತದೆ, ತೇಪೆಯ ಅಂಚಿನಿಂದಲೇ ಹೊಸ ಬಿರುಕು ಹೊರಡುತ್ತದೆ.

ನಿಜವಾಗಿ ಮನಸ್ಸಿಗೆ ಹಿಡಿಸಿದ್ದು ಕ್ಯಾವಿಟಿ ವ್ಯಾಕ್ಸ್, ಅಂದರೆ ತುಕ್ಕು ತಡೆಯಲು ಚಾಸಿಯ ಟೊಳ್ಳಿನೊಳಗೆ ಸಿಂಪಡಿಸುವ ಮೇಣ. ಒಣಗಿದ ಮೇಲೂ ಜಿಗುಟಾಗಿ ಉಳಿದು ಸಂದಿಗಳಿಗೆ ಹರಿಯುತ್ತದೆ. ಸುತ್ತಲೂ ಸಿಡಿಯುವ ನಾಜಲ್ ಇರುವ ಒಂದು ಮೀಟರ್ ಪೈಪನ್ನು ಕೊನೆಯ ತನಕ ತೂರಿಸಿ, ಸಿಂಪಡಿಸುತ್ತ ನಿಧಾನ ಹಿಂದಕ್ಕೆ ಎಳೆಯಬೇಕು. ಇಡೀ ಚಾಸಿಗೆ ಮೂರ್ನಾಲ್ಕು ಲೀಟರ್ ಬೇಕು. ಮುಗಿದ ಮೇಲೆ ಬಸಿಯುವ ತೂತುಗಳಿಗೆ ತಂತಿ ಆಡಿಸುವುದನ್ನು ಮರೆಯಬೇಡಿ. ಕಟ್ಟಿಕೊಂಡರೆ ನೀರು ಒಳಗೇ ನಿಲ್ಲುತ್ತದೆ. ಜೂನ್ 1ರಿಂದ ಜುಲೈ 31ರ ಮೀನುಗಾರಿಕೆ ನಿಷೇಧದಲ್ಲಿ ಗಾಡಿ ಖಾಲಿ ಎಂದು ಆಗ ಮಾಡಿಸುವವರು ಹೆಚ್ಚು. ಆದರೆ ಆ ಮಳೆಯಲ್ಲಿ ಚಾಸಿಯ ಒಳಗು ಒಣಗುವುದೇ ಇಲ್ಲ. ಮೇ ತಿಂಗಳ ಬಿಸಿಲಲ್ಲಿ ಎರಡು ದಿನ ನಿಲ್ಲಿಸಿ ಮಾಡಿಸಿ, ಎರಡು ದಿನದ ಬಾಡಿಗೆ ಹೋದರೂ ಸರಿ.

ಎಂಜಿನ್ನಿಗೆ ಐದಕ್ಕೆ ಐದು, ಚಾಸಿಯ ರಕ್ಷಣೆಗೆ ಎರಡು. ಕರಾವಳಿಯ ಸೆಕೆಂಡ್‌ಹ್ಯಾಂಡ್ ಪಿಕಪ್ ಕೊಳ್ಳುವವರು ಅಡಿಗೆ ಹೊಸದಾಗಿ ಕಪ್ಪು ಬಳಿದಿದ್ದರೆ ಸುತ್ತಿಗೆ ತಟ್ಟಲು ಕೇಳಿ. ಬೇಡ ಎಂದರೆ ಬೇರೆ ಗಾಡಿ ನೋಡಿ.